ದ್ರೌಪದಮ್ಮನ ಹಿಟ್ಟು

“ಅಮ್ಮಾ, ಕೆಳಗಿನ ಮನೆ ಅಜ್ಜಿಗೆ ಈಗ ನಡೆಯೋದು ಕಲಿಸ್ತಿದಾರಾ?” ಎಂದು ಮಗಳು ಕೇಳಿದಳು.

ಗಂಗಾನಗರದ ಈ ಮನೆಯ ಮಾಲೀಕರು ದ್ರೌಪದಮ್ಮ; ಮಹಡಿಯ ಬಾಡಿಗೆಯವರು ನಾವು. ೨೦೧೩ರ ಆಷಾಢದಲ್ಲಿ ಅವರಿಗೆ ಕರುಳಿನ ಗಂಟು ತೆಗೆಯುವ ದೊಡ್ಡ ಆಪರೇಷನ್ ಆಯಿತು. ಎಪ್ಪತ್ತು ದಾಟಿದ ಜೀವ. ಮೊದಮೊದಲು ಮಂಚದಿಂದ ಏಳಲೂ ಸೊಸೆ ಸರಳಾ ಕೈ ಕೊಡಬೇಕಿತ್ತು. ದಸರಾ ಹೊತ್ತಿಗೆ ಗೋಡೆ ಹಿಡಿದು ಗೇಟಿನವರೆಗೆ ಬಂದರು. ಸ್ಟೂಲಿನ ಮೇಲೆ ಕೂತು ತಾವೇ ನೀರು ಹುಯ್ದುಕೊಂಡರು, ತಲೆ ಬಾಚಿಕೊಂಡರು. ಅಷ್ಟಾದರೂ ಮುಖ ಅರಳಲಿಲ್ಲ. ನಾನು ರೊಟ್ಟಿ ಬಡಿಯುವ ಸದ್ದು ಕೇಳಿದರೆ ಮೆಟ್ಟಿಲ ಬುಡಕ್ಕೆ ಬಂದು ನಿಲ್ಲುತ್ತಿದ್ದರು.

“ಗಂಜಿ ಕುಡ್ದು ಕುಡ್ದು ಸಾಕಾಗೈತೆ ಕಣವ್ವಾ. ಇಟ್ಟು ಮುಟ್ಟುಸ್ಬ್ಯಾಡಿ ಅಂದವ್ಳೆ ಆ ನರ್ಸಮ್ಮ.”

“ಯಾವ ಹಿಟ್ಟು ಅಂದಾರ ಅಜ್ಜಿ?”

“ಇಟ್ಟು ಅಂದ್ರೆ ಇಟ್ಟೇ. ಅದ್ರಾಗೆ ಎಷ್ಟು ತರ ಇರ್ತೈತೆ?”

ನಮ್ಮ ಕಲಬುರಗಿ ಕಡೆ ಹಿಟ್ಟೆಂದರೆ ಡಬ್ಬಿಯಲ್ಲಿರುವ ಪುಡಿ. ಇವರಿಗೆ ಹಿಟ್ಟೆಂದರೆ ತಟ್ಟೆಯಲ್ಲಿ ಹೊಗೆಯಾಡುವ ರಾಗಿಮುದ್ದೆ. ನನಗೆ ಅನುಮಾನ ಬಂತು. ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರನ್ನೇ ಕೇಳಿ ಎಂದು ಸರಳಾಗೆ ಹೇಳಿದೆ. ಡಾಕ್ಟರು ನಕ್ಕರಂತೆ. ನರ್ಸ್ ಬೇಡವೆಂದದ್ದು ಮೈದಾಹಿಟ್ಟು. ಮೆತ್ತಗಿನ ಮುದ್ದೆಯನ್ನು ಸ್ವಲ್ಪ ಸ್ವಲ್ಪ ತಿನ್ನಬಹುದು. ಮುದ್ದೆಕೋಲು ಹಿಡಿದು ಹಿಟ್ಟು ತಿರುವುವುದು ಮಾತ್ರ ಈಗಲೇ ಬೇಡ, ಹೊಲಿಗೆ ಹಾಕಿದ ಹೊಟ್ಟೆಗೆ ಭಾರ ಬೀಳುತ್ತದೆ.

ಅಂದು ಸರಳಾ ಕುಕ್ಕರಿನಲ್ಲಿ ಮುದ್ದೆ ಮಾಡಿದಳು. ನಾನೂ ಅಲ್ಲೇ ಇದ್ದೆ. ಅಜ್ಜಿ ಒಂದು ತುತ್ತು ನುಂಗಿ, “ಚೆಂದಾಗೈತೆ” ಅಂದರು.

“ಗಂಟಿದ್ರೆ ಹೇಳ್ಬಿಡಿ ಅತ್ತೆ, ಮನಸ್ನಲ್ಲೇ ಬೈಕೋಬೇಡಿ.”

“ಗಂಟೆಲ್ಲ ಆಸ್ಪತ್ರೆಯಾಗೆ ತೆಗ್ಸ್ಕಂಡಾಯ್ತಲ್ಲ ತಾಯಿ, ಇನ್ನೆಲ್ಲಿ ಗಂಟು?”

ಸರಳಾ ನಗುತ್ತಾ ಒಳಗೆ ಹೋದಳು. ಅಜ್ಜಿ ತಟ್ಟೆ ಸರಿಸಿ ಅಂಗೈ ನೋಡಿಕೊಂಡರು.

“ಇತ್ಲಲ್ಲಿ ಒಲೆ ಇತ್ತು. ಕೆಲ್ಸದಿಂದ ಬಂದೋರು ನನ್ ಕೋಲಿನ ಸದ್ದು ಕೇಳಿ ಕೈ ತೊಳ್ಕಂತಿದ್ರು. ತಿಂದ್ರೂ ಆಸೆ ತೀರ್ನಿಲ್ಲ ಕಣವ್ವಾ. ಅಂಗೈಗೆ ಬಿಸಿ ತಗಲ್ಬೇಕು.”

ಹೊಟ್ಟೆ ಮುಖ್ಯ ಅಜ್ಜಿ, ಇನ್ನೆರಡು ತಿಂಗಳು ತಡೀರಿ ಎಂದೆ. ಅವರು ನನ್ನ ರಟ್ಟೆ ಹಿಚುಕಿ ನೋಡಿದರು.

“ರೊಟ್ಟಿ ತಟ್ಟೋ ಕೈ, ಗಟ್ಟಿಯಾಗೈತೆ. ನಾಳೆ ಸರಳಾ ಕೆಲ್ಸುಕ್ಕೋದ್ಮೇಲೆ ಒಸಿ ಬರ್ತೀಯಾ? ಕೋಲು ನೀನೇ ತಿರುವು. ನಾನು ಕುರ್ಚಿ ಮ್ಯಾಲೆ ಕೂತ್ಕಂಡು ಬರೀ ಮುದ್ದೆ ಕಟ್ತೀನಿ.”