ಹುಳು ಮನೆಯ ಬಾಗಿಲಿನ ಬಲೆ

ದೆವ್ವ, ಗಾಳಿ ಎಂಬ ಮಾತು ಬಂದರೆ ಮೂಗು ಮುರಿಯುವವರ ಪೈಕಿ ನಾನು. ಮಂಚೇನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳು ಯಾರಾದರೂ ಹುಣಸೆ ಮರದ ಕತೆ ತೆಗೆದರೆ, ‘ನೀನೇ ನೋಡಿದೆಯಾ, ಇಲ್ಲ ಯಾರೋ ಹೇಳಿದ್ದಾ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೇಳಹೊರಟಿರುವುದು ನನಗೇ ಆದದ್ದು. ಬರೆಯಲು ಆರೇಳು ವರ್ಷ ಹಿಂಜರಿದೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ, ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಗಂಡನ ಊರು ಸಾದಲಿಯ ಹತ್ತಿರ. ಅಲ್ಲಿ ಭಾವ ಮತ್ತು ನನ್ನ ಓರಗಿತ್ತಿ ಪಾರ್ವತಮ್ಮ ರೇಷ್ಮೆ ಹುಳು ಸಾಕುತ್ತಾರೆ. ಅವಳನ್ನು ನಾನು ಅಕ್ಕ ಎಂದೇ ಕರೆಯುವುದು. ಮದುವೆಯಾದ ಹೊಸದರಲ್ಲಿ ನನಗೆ ಅನ್ನ ಬಸಿಯುವುದನ್ನು ಕಲಿಸಿದವಳು, ಬಿ.ಎಡ್. ಪರೀಕ್ಷೆಯ ದಿನ ನನ್ನ ಮಗುವನ್ನು ಎತ್ತಿಕೊಂಡು ಬಂದು ಕಾಲೇಜಿನ ಗೇಟಿನಲ್ಲಿ ಕಾದವಳು. ಹುಳು ಮನೆ ಹಿತ್ತಿಲಿನಲ್ಲಿದೆ. ಮೊದಲು ಒಂದು ಚಿಕ್ಕ ಮೊಗಸಾಲೆ, ಅದಕ್ಕೆ ಕದವಿಲ್ಲ. ಅಲ್ಲಿ ಕಾಲು ತೊಳೆದುಕೊಂಡು, ಆಮೇಲೆ ಒಳಬಾಗಿಲು ತೆಗೆದು ಹುಳುವಿನ ಕೋಣೆಗೆ ಹೋಗಬೇಕು. ನೊಣ ನುಗ್ಗದಿರಲೆಂದು ಕಿಟಕಿಗಳಿಗೆಲ್ಲ ಬಲೆ ಹೊಡೆದು, ಚಳಿಗಾಲದಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದಿರುತ್ತಾರೆ. ಚಳಿಗೆ ಹುಳು ಸೊರಗುತ್ತವೆಂದು ಒಳಗೆ ಇದ್ದಿಲ ಒಲೆ ಇಡುವುದು ಆ ಕಡೆಯ ವಾಡಿಕೆ. ಒಲೆ ನೋಡಲು ಹೋದವರು ಒಳಬಾಗಿಲನ್ನು ಒಂದು ಗೇಣು ತೆರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಇದ್ದಿಲಿನ ವಿಷಗಾಳಿ ತುಂಬಿ ಪ್ರಜ್ಞೆ ತಪ್ಪುತ್ತದೆ. ಇದು ಮನೆಯ ಕಟ್ಟುನಿಟ್ಟು, ಅಕ್ಕನೇ ನನಗೆ ಹೇಳಿಕೊಟ್ಟದ್ದು.

ಆ ಡಿಸೆಂಬರಿನಲ್ಲಿ ರಜೆಗೆ ಹೋದಾಗ ಹುಳು ಎರಡನೇ ಜ್ವರದಲ್ಲಿದ್ದವು. ಹುಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಸುಮ್ಮನೆ ನಿಲ್ಲುವುದನ್ನು ನಮ್ಮವರು ಜ್ವರ ಎನ್ನುತ್ತಾರೆ. ಆಗ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ಮೊಗಸಾಲೆಯ ಬಾಗಿಲಿಗೆ ಹಳದಿ ಪಟ್ಟೆಯ ಒಂದು ಜೇಡ ದಿನವೂ ಬಲೆ ಕಟ್ಟುತ್ತಿತ್ತು. ಭಾವ ಅದನ್ನು ದಿನವೂ ಪೊರಕೆಯಿಂದ ಎಳೆದು ಹಾಕುತ್ತಿದ್ದರು. ಒಂದೇ ಒಂದು ದಿನ ಬಿಡಿ, ಶಾಲೆಯ ಮಕ್ಕಳಿಗೆ ತೋರಿಸಲು ವಿಡಿಯೋ ಮಾಡಿಕೊಳ್ಳುತ್ತೇನೆ ಎಂದು ನಾನು ಗೋಗರೆದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಾಗಿಲಿನ ಎದುರು ಮಣೆ ಹಾಕಿಕೊಂಡು, ಫೋನನ್ನು ಒಂದು ಬುಟ್ಟಿಗೆ ಆನಿಸಿಟ್ಟು ಕೂತೆ. ಜೇಡ ಆಗಲೇ ಕೆಲಸಕ್ಕೆ ಇಳಿದಿತ್ತು. ಮೊದಲು ಒಂದು ಎಳೆಯನ್ನು ಗಾಳಿಗೆ ಬಿಟ್ಟಿತು. ಅದು ಆಚೆ ಕಂಬಕ್ಕೆ ಅಂಟಿದ ಮೇಲೆ ಅದರ ಮೇಲೆ ನಡೆದು ಇನ್ನೊಂದು ಎಳೆ ಸೇರಿಸಿ ಗಟ್ಟಿ ಮಾಡಿತು. ನಡುವಿನಿಂದ ಕೆಳಕ್ಕಿಳಿದು ಎಳೆಯನ್ನು ಬಿಗಿಯಿತು. ಆಮೇಲೆ ಗಾಡಿಚಕ್ರದ ಕಡ್ಡಿಗಳಂತೆ ನಡುವಿನಿಂದ ಅಂಚಿಗೆ ಒಂದೊಂದೇ ಎಳೆ. ಅಂಟಿಲ್ಲದ ದಾರದಲ್ಲಿ ಒಳಗಿನಿಂದ ಹೊರಕ್ಕೆ ಅಗಲವಾಗಿ ಸುತ್ತು ಹಾಕಿತು. ಅಸಲು ಕಸುಬು ಇರುವುದು ಅದರ ನಂತರ. ಹೊರ ಅಂಚಿನಿಂದ ಒಳಕ್ಕೆ ಬರುತ್ತಾ, ಮೊದಲ ಸುತ್ತನ್ನು ತಿನ್ನುತ್ತಾ, ಹಿಂಗಾಲಿನಿಂದ ಅಳೆದಳೆದು ಅಂಟಿನ ದಾರ ಕೂರಿಸುತ್ತದೆ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಅದೇ ಅಂತರ. ಇದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ ಎಂದು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಆದರೆ ಕಣ್ಣಾರೆ ನೋಡಿದ್ದು ಅವತ್ತೇ. ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಸುಮಾರು ನಲವತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ಬಲೆ ಮುಗಿದು, ಜೇಡ ನಡುವೆ ತಲೆಕೆಳಗಾಗಿ ಕೂತಿತು. ಭಾವ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, “ಪಾರ್ವತಿ ಎಲ್ಲಮ್ಮ? ಒಲೆ ನೋಡ್ಕೊಂಡ್ ಬರ್ತೀನಿ ಅಂದಿದ್ಲು” ಎಂದು ಕೇಳಿದರು.

“ಇಲ್ಲಿಗೆ ಬಂದಿಲ್ಲ ಭಾವ. ನಾನು ಆಗ್ಲಿಂದ ಬಾಗ್ಲಲ್ಲೇ ಕೂತಿದೀನಿ” ಎಂದೆ. ಬಲೆಯನ್ನೂ ತೋರಿಸಿದೆ.

ಅವರು ಪಕ್ಕದ ಮನೆಗೆ ಹೋಗಿ ನೋಡಿದರು, ನೀರಿನ ತೊಟ್ಟಿಯ ಕಡೆ ಹೋಗಿ ಕೂಗಿದರು. ನನ್ನ ಮಾತನ್ನು ನಂಬಿ ಹೀಗೆ ಹತ್ತು ನಿಮಿಷ ಕಳೆದರು. ಮಣೆ ಎತ್ತಿಡಲು ಬಗ್ಗಿದಾಗ ಅದರ ಪಕ್ಕದಲ್ಲೇ ಅಕ್ಕನ ಚಪ್ಪಲಿ ಕಂಡಿತು. ಬಲೆಯ ಆಚೆ, ಮೊಗಸಾಲೆಯ ನೆಲದ ಮೇಲೆ, ಒದ್ದೆ ಕಾಲಿನ ಗುರುತುಗಳು ಒಳಬಾಗಿಲಿನವರೆಗೂ ಇದ್ದವು. ನಾನು ಕಿರುಚಿರಬೇಕು. ಭಾವ ಗಾಬರಿಯಲ್ಲಿ ತೆಲುಗಿಗೆ ಜಾರಿ “ಏಮೈಂದಮ್ಮಾ” ಎನ್ನುತ್ತಾ ಓಡಿ ಬಂದವರು ತೋಳಿನಿಂದಲೇ ಬಲೆ ಹರಿದು ಒಳಗೆ ನುಗ್ಗಿದರು. ಒಳಬಾಗಿಲು ಚಿಲಕ ಹಾಕಿತ್ತು. ಒದ್ದು ತೆಗೆದಾಗ ಅಕ್ಕ ಒಲೆಯ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಉಸಿರು ಇತ್ತು, ಅಷ್ಟೇ.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಉಳಿಸಿಕೊಂಡರು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಆಗುತ್ತಿರಲಿಲ್ಲ ಎಂದರು ಡಾಕ್ಟರು. ನಾನು ಬರುವ ಮುಂಚೆಯೇ ಅವಳು ಒಳಗೆ ಹೋಗಿದ್ದಾಳೆ, ಮಬ್ಬಿನಲ್ಲಿ ಚಪ್ಪಲಿ ನನ್ನ ಕಣ್ಣಿಗೆ ಬಿದ್ದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಜೆ ಅವಳಿಗೆ ಮಾತು ಬಂತು. ಭಾವ ಮೊದಲು ಕೇಳಿದ್ದೇ, “ಚಿಲಕ ಯಾಕೆ ಹಾಕ್ಕೊಂಡೆ?”

ಅಕ್ಕ ನನ್ನ ಕಡೆ ಕೈ ತೋರಿಸಿದಳು. “ಇವಳೇ ಅಂದ್ಲಲ್ಲ. ನಾನು ಬಂದಾಗ ಬಲೆ ಅರ್ಧ ಆಗಿತ್ತು. ಕೆಟ್ಟೋಗುತ್ತೆ ಅಂತ ನಿಂತ್ಕೊಂಡೆ. ‘ಬಗ್ಗಿ ಹೋಗಕ್ಕ, ಬಾಗ್ಲು ಭದ್ರವಾಗಿ ಹಾಕ್ಕೊ’ ಅಂದ್ಲು. ಗಾಳಿ ಬಂದ್ರೆ ಬಲೆ ಅಲ್ಲಾಡುತ್ತೇನೋ ಅಂದ್ಕೊಂಡು ಹಾಕ್ಕೊಂಡೆ.”

ನಾನು ಹಾಗೆ ಹೇಳಿರಲಿಲ್ಲ. ಅವಳು ಬಂದೇ ಇರಲಿಲ್ಲ. ದೇವರಾಣೆ ಇಲ್ಲ ಎಂದೆ, ದೇವರನ್ನು ನಂಬದ ನಾನು. ಹೊಗೆ ತಲೆಗೇರಿದಾಗ ಹೀಗೆಲ್ಲ ಅನಿಸುತ್ತದೆ ಎಂದು ಡಾಕ್ಟರು ಹೇಳಿದರು, ಎಲ್ಲರೂ ಒಪ್ಪಿದರು.

ಶಾಲೆ ಶುರುವಾದ ಮೇಲೆ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಸ್ಟಾಫ್ ರೂಮಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ವಿಡಿಯೋ ನೋಡಿದೆ. ಬಾಗಿಲು ಇಡಿಯಾಗಿ ಕಾಣುತ್ತದೆ, ಹೊಸ್ತಿಲಿನವರೆಗೂ. ಮೊದಲಿಂದ ಕೊನೆಯವರೆಗೆ ಅದರೊಳಗೆ ಯಾರೂ ಹೋಗುವುದಿಲ್ಲ. ಬಲೆ ಅರ್ಧವಾಗುವ ಹೊತ್ತಿಗೆ ಜೇಡ ತಟ್ಟನೆ ನಿಲ್ಲುತ್ತದೆ, ಒಂದು ಕಾಲು ಎತ್ತಿಕೊಂಡು. ಕೆಳಗಿನ ಎಳೆಗಳು ಅಲ್ಲಾಡುತ್ತವೆ, ಸೀರೆಯ ಸೆರಗು ಸೋಕಿದ ಹಾಗೆ. ಆಗ ಒಂದು ದನಿ, ಮೆಲ್ಲಗೆ, ಸ್ಪಷ್ಟವಾಗಿ: “ಬಗ್ಗಿ ಹೋಗಕ್ಕ. ಬಾಗ್ಲು ಭದ್ರವಾಗಿ ಹಾಕ್ಕೊ.”

ಅದು ನನ್ನ ದನಿ. ಮುಂದಿನ ಪೀರಿಯಡ್ಡಿಗೆ ಹೋಗಲಾಗಲಿಲ್ಲ.

ನೋಡುವುದರಲ್ಲಿ ಮುಳುಗಿ ನಾನು ಹಾಗೆ ಅಂದಿರಬಹುದು, ಅಂದು ಮರೆತಿರಬಹುದು. ಇದನ್ನು ಒಪ್ಪಿಕೊಳ್ಳಲು ಸಿದ್ಧ. ಆದರೆ ಯಾರಿಗೆ ಅಂದೆ? ಅಲ್ಲಿ ಯಾರೂ ಇಲ್ಲ. ಬಾಗಿಲು ಭದ್ರ ಮಾಡಿಕೊ ಎಂದು ಆ ಒಲೆಯ ಕೋಣೆಗೆ ಯಾರನ್ನಾದರೂ ನಾನು ಏಕೆ ಕಳಿಸಲಿ? ಫೋನು ಬದಲಾಯಿಸಿದಾಗಲೂ ಅದನ್ನು ಹೊಸದಕ್ಕೆ ಹಾಕಿಕೊಂಡೆ. ಅಳಿಸಲು ಧೈರ್ಯ ಬಂದಿಲ್ಲ, ಇನ್ನೊಬ್ಬರಿಗೆ ತೋರಿಸಲೂ ಇಲ್ಲ.

ಅಕ್ಕ ಚೇತರಿಸಿಕೊಂಡಿದ್ದಾಳೆ, ಆದರೆ ಮೊದಲಿನ ಹಾಗಿಲ್ಲ. ಹುಳು ಮನೆಗೆ ಒಬ್ಬಳೇ ಹೋಗುವುದಿಲ್ಲ. ಹಿತ್ತಿಲಿನಿಂದ ಯಾರಾದರೂ ಕರೆದರೆ ಎದ್ದು ಹೋಗುವ ಮೊದಲು ಮಗಳನ್ನು, “ಯಾರೋ ಕರೆದ್ರೇನೇ, ಇಲ್ಲಾ ನನಗೆ ಹಂಗನ್ನಿಸ್ತಾ?” ಎಂದು ಕೇಳುತ್ತಾಳೆ. ಕಳೆದ ತಿಂಗಳು ಹೋಗಿದ್ದಾಗ ನಾವಿಬ್ಬರೇ ಜಗಲಿಯ ಮೇಲೆ ಕೂತಿದ್ದೆವು. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು:

“ನಿಜ ಹೇಳು. ಅವತ್ತು ನೀನು ಏನೂ ಅನ್ಲಿಲ್ವಾ?”

“ಇಲ್ಲಕ್ಕ.”

“ಹಂಗಾದ್ರೆ ನನ್ನ ತಲೆನೇ ಸರಿಯಿಲ್ಲ ಬಿಡು” ಎಂದು ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಫೋನು ನನ್ನ ಮಡಿಲಲ್ಲೇ ಇತ್ತು.