ಲಾರಿಯ ಕೆಳಗೆ ಮಲಗುವ ಬ್ರೇಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆದ್ದಾರಿಯ ಇಳಿಜಾರು ಶುರುವಾಗುವ ಮುನ್ನ ಸಿಗುವ ತಪಾಸಣಾ ಠಾಣೆಯಲ್ಲಿ ಸಿಮೆಂಟ್ ಹೇರಿದ ಲಾರಿಯೊಂದು ನಿಂತಿದೆ. ಅದರ ಕೆಳಗಿನಿಂದ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿವೆ.

"ಬ್ರೇಕ್ ಒತ್ತಪ್ಪಾ. ಹಾಂ, ಹಾಗೇ ಹಿಡ್ಕೊ."

ಎಲ್ಲೋ ಗಾಳಿ ಸುಯ್ಯೆನ್ನುತ್ತದೆ.

"ಪೈಪು ಸೋರ್ತಿದೆ. ಇಳಿ ಕೆಳಗೆ."

ಚಾಲಕ ಗೊಣಗುತ್ತಾ ಇಳಿಯುತ್ತಾನೆ. ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡು, ಸೊಂಟ ಹಿಡಿದುಕೊಂಡು ಹೊರಬರುವ ಐವತ್ತರ ಆಸುಪಾಸಿನ ಹೆಂಗಸನ್ನು ಈ ದಾರಿಯ ಚಾಲಕರು ಬ್ರೇಕಕ್ಕ ಎಂದು ಕರೆಯುತ್ತಾರೆ. ಎದುರಿಗಿದ್ದಾಗ ಮಾತ್ರ. ಹಿಂದಿನಿಂದ ಕರೆಯುವ ಹೆಸರುಗಳು ಬೇರೆ ಇವೆ.

ಅಪ್ಪನ ಗ್ಯಾರೇಜಿನಲ್ಲಿ ಬೆಳೆದವರು ಬ್ರೇಕಕ್ಕ ಮತ್ತು ಅವರ ತಮ್ಮ. ತಮ್ಮ ಸ್ಟೇರಿಂಗ್ ಹಿಡಿದ, ಇವರು ಸ್ಪ್ಯಾನರ್ ಹಿಡಿದರು. ಗಂಡ ದರ್ಜಿ. "ನಮ್ಮನೇಲಿ ಹರಿದಿದ್ದನ್ನ ಅವರು ಹೊಲೀತಾರೆ, ಸೋರಿದ್ದನ್ನ ನಾನು ಮುಚ್ತೀನಿ" ಎನ್ನುತ್ತಾರೆ ಬ್ರೇಕಕ್ಕ.

ಸರಕು ಲಾರಿಗಳ ಸುರಕ್ಷತೆಗೆಂದು ಸರ್ಕಾರ ಕೊಟ್ಟ ಅನುದಾನದಲ್ಲಿ ಠಾಣೆ ತೆರೆದಾಗ ಇವರಿಗೆ ಗುತ್ತಿಗೆಯ ಮೇಲೆ ಈ ಕೆಲಸ ಸಿಕ್ಕಿತು. ದಿನಕ್ಕೆ ಮೂವತ್ತು, ನಲವತ್ತು ಲಾರಿಗಳ ಅಡಿಗೆ ನುಸುಳಬೇಕು. ಈ ವರ್ಷ ಅನುದಾನಕ್ಕೆ ಕತ್ತರಿ ಬಿದ್ದಿದೆ. ಜೊತೆಗಿದ್ದ ಮೂವರು ಕೆಲಸ ಕಳೆದುಕೊಂಡು ಮನೆಗೆ ಹೋದರು. ಠಾಣೆ ಈಗ ದಿನ ಬಿಟ್ಟು ದಿನ ತೆರೆಯುತ್ತದೆ. ಯಾವತ್ತು ಮುಚ್ಚಿರುತ್ತದೆ ಎಂಬುದು ಲಾರಿ ಮಾಲೀಕರಿಗೆ ಬಾಯಿಪಾಠ.

ಎರಡು ವರ್ಷದ ಹಿಂದೆ, ಬ್ರೇಕ್ ಸರಿಯಿಲ್ಲವೆಂದು ತಮ್ಮನ ಲಾರಿಯನ್ನೇ ಇವರು ತಡೆದಿದ್ದರು. ಹೇರಿದ್ದ ಟೊಮೆಟೊ ಅಲ್ಲೇ ಕೊಳೆಯಿತು; ಸ್ವಂತ ಅಕ್ಕನ ಕೈಯಿಂದಲೇ ಗಾಡಿ ಬಿಡಿಸಿಕೊಳ್ಳಲಾಗದವನು ಎಂದು ಮಾಲೀಕ ತಮ್ಮನನ್ನು ಕೆಲಸದಿಂದ ತೆಗೆದ. "ನೀನು ಅಕ್ಕನಾ?" ಎಂದು ಕೇಳಿ ಹೋದವನು ಮತ್ತೆ ಇವರ ಮನೆಯ ಹೊಸಿಲು ತುಳಿದಿರಲಿಲ್ಲ.

ಕಳೆದ ತಿಂಗಳು, ಠಾಣೆ ಮುಚ್ಚಿದ್ದ ಒಂದು ಬೆಳಿಗ್ಗೆ, ಮನೆಯ ಮುಂದೆ ಲಾರಿ ಬಂದು ನಿಂತಿತು. ತಮ್ಮ ಹೊಸ ಮಾಲೀಕನ ಗಾಡಿ ತಂದಿದ್ದ. ಕುಶಲ ವಿಚಾರಿಸಲಿಲ್ಲ.

"ಸ್ವಲ್ಪ ಕೆಳಗೆ ನೋಡ್ತೀಯಾ?" ಎಂದ.

ಅಕ್ಕ ನೋಡಿದರು. "ಬ್ರೇಕ್ ಲೈನರ್ ಪೂರ್ತಿ ಸವೆದಿದೆ ಕಣೋ. ಇಳಿಜಾರಿಗೆ ಹೋಗ್ಬೇಡ."

"ಠಾಣೆಯೋರು ತಡೆದ್ರು ಅಂದ್ರೆ ಮಾಲೀಕ ಬಾಯಿ ಮುಚ್ಕೋತಾನೆ. ನಮ್ಮಕ್ಕ ಬೇಡ ಅಂದ್ಲು ಅಂತ ಹೇಳೋಕಾಗುತ್ತಾ?"

ಅಕ್ಕ ಮತ್ತೆ ಲಾರಿಯ ಕೆಳಗೆ ನುಸುಳಿದರು. ಬ್ರೇಕನ್ನು ಕೈಲಾದಷ್ಟು ಬಿಗಿ ಮಾಡಿಕೊಟ್ಟರು. ಕಾಫಿ ಕುಡಿದು ಹೋಗು ಎಂದರು. ಹೊತ್ತಾಯಿತು ಎಂದು ಅವನು ಹೊರಟ.

ಇಳಿಜಾರಿನ ಮೂರನೆಯ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಎದುರಿನಿಂದ ಬಸ್ಸು ಬರುತ್ತಿದ್ದುದರಿಂದ ಅವನು ಲಾರಿಯನ್ನು ಬಂಡೆಗೆ ಗುದ್ದಿಸಿದ. ಬಸ್ಸಿನವರಿಗೆ ಏನೂ ಆಗಲಿಲ್ಲ. ಅವನ ಬಲಗಾಲನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆಯಬೇಕಾಯಿತು.

ಠಾಣೆ ಮುಚ್ಚಿರುವ ದಿನಗಳಲ್ಲಿ ಬ್ರೇಕಕ್ಕ ಈಗ ಆಸ್ಪತ್ರೆಯಲ್ಲಿರುತ್ತಾರೆ. ತಮ್ಮನಿಗೆ ಗಂಜಿ ಕುಡಿಸುತ್ತಾರೆ, ಗಡ್ಡ ಹೆರೆಯುತ್ತಾರೆ. ಅವನು ಮಾತು ಬಿಟ್ಟಿಲ್ಲ. "ಆವತ್ತು ನನ್ನ ಕೈಯಿಂದ ಕೀ ಕಿತ್ಕೋಬೇಕಿತ್ತು ನೀನು" ಎಂದು ಒಮ್ಮೆ ಅಂದ. ಅದನ್ನು ಹೇಳುವಾಗ ಅಕ್ಕನ ದನಿ ಏರುವುದಿಲ್ಲ. ಕೈಯಲ್ಲಿನ ಬಟ್ಟೆಯಿಂದ ಆಗಲೇ ಒರೆಸಿದ ಬೆರಳುಗಳನ್ನು ಮತ್ತೆ ಒರೆಸಿಕೊಳ್ಳುತ್ತಾರೆ.

ಮುಂದಿನ ವರ್ಷದ ಅನುದಾನ ಬರುವುದೋ ಇಲ್ಲವೋ, ಠಾಣೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೇನು ಬೇಕು ಎಂದರೆ ಬ್ರೇಕಕ್ಕ ಸಂಬಳದ ಮಾತೆತ್ತುವುದಿಲ್ಲ.

"ದಿನಾ ಬಾಗಿಲು ತೆಗೆದಿರ್ಲಿ, ಅಷ್ಟೇ. ನಾನಲ್ಲ, ಠಾಣೆಯೋರು ತಡೆದ್ರು ಅಂತ ಡ್ರೈವರ್ ಮಾಲೀಕನಿಗೆ ಧೈರ್ಯವಾಗಿ ಹೇಳೋ ಹಾಗಿರ್ಬೇಕು. ಬೈಗುಳ ನಮಗಿರ್ಲಿ."