ತೂರ್ಡಿಸ್ ತಳ್ಳಿಕೊಂಡು ಹೋದ ಗಾಡಿ

ಒಪ್ದಾಲ್ ಊರಿನ ಹಲ್ಲಿನ ಆಸ್ಪತ್ರೆಯಲ್ಲಿ ತೂರ್ಡಿಸ್ ಒಂಬತ್ತು ವರ್ಷ ಸಹಾಯಕಿಯಾಗಿದ್ದವಳು. ಡಾಕ್ಟರು ಕೈಚಾಚುವ ಮೊದಲೇ ಬೇಕಾದ ಇಕ್ಕಳವನ್ನು ಎತ್ತಿಕೊಡುವಷ್ಟು ಚುರುಕು. ಅಂಥವಳು ವೆಟ್ಲೆ ಹುಟ್ಟಿದ ಮೇಲೆ ಬೇರೆಯೇ ಹೆಂಗಸಾಗಿಬಿಟ್ಟಳು. ಮಗು ಜಾಸ್ತಿ ಹೊತ್ತು ಮಲಗಿದರೂ ದಿಗಿಲು, ಮಲಗದಿದ್ದರೂ ದಿಗಿಲು.

ವೆಟ್ಲೆಗೆ ಈಗ ಹತ್ತು ತಿಂಗಳು. ತೂರ್ಡಿಸ್‌ಳ ಹೆರಿಗೆ ರಜೆ ಮುಗಿದು, ಸೋಮವಾರದಿಂದ ಅಪ್ಪನ ಪಾಲಿನ ಹದಿನೈದು ವಾರದ ರಜೆ ಶುರುವಾಗಬೇಕಿತ್ತು. ಆದರೆ ಮಗುವನ್ನು ಗಂಡ ಎಸ್ಪೆನ್ ಕೈಗೆ ಒಪ್ಪಿಸಲು ಅವಳಿಗೆ ಧೈರ್ಯವಿರಲಿಲ್ಲ. ಸಂಬಳ ಹೋದರೂ ಸರಿ, ಇನ್ನಾರು ತಿಂಗಳು ಮನೆಯಲ್ಲೇ ಇದ್ದುಬಿಡೋಣ ಎಂದುಕೊಂಡಿದ್ದಳು. ಬರುವುದಿಲ್ಲವಾದರೆ ಆ ಜಾಗಕ್ಕೆ ಬೇರೆಯವರನ್ನು ಕರೆಯಬೇಕು, ಶುಕ್ರವಾರ ನಾಲ್ಕು ಗಂಟೆಯೊಳಗೆ ತಿಳಿಸು ಎಂದು ಡಾಕ್ಟರ್ ಗೀಡಾ ಹೇಳಿದ್ದರು.

ಆ ಶುಕ್ರವಾರವೇ ಮೂವರೂ ರೈಲು ಹತ್ತಿದರು. ಸ್ಟೈನ್‌ಶೆರ್‌ನಲ್ಲಿರುವ ಎಸ್ಪೆನ್‌ನ ತಾಯಿಯ ಮನೆಗೆ ಹೊರಟಿದ್ದರು. ಟ್ರೊಂಡ್‌ಹೈಮ್‌ನಲ್ಲಿ ಇಳಿದು ಎರಡು ಗಂಟೆ ಕಾದು ಬೇರೆ ರೈಲು ಹಿಡಿಯಬೇಕು.

"ಗಂಜಿ ಎಷ್ಟು ಬಿಸಿ ಇರ್ಬೇಕು, ಹೇಳು ನೋಡೋಣ?" ಎಂದು ರೈಲಿನಲ್ಲಿ ತೂರ್ಡಿಸ್ ಕೇಳಿದಳು.

"ಮಣಿಕಟ್ಟಿನ ಮೇಲೆ ಹಾಕಿದ್ರೆ ಸುಡಬಾರ್ದು. ಮೂರನೇ ಸಲ ಕೇಳ್ತಿದೀಯ ಮಾರಾಯ್ತಿ."

"ಜ್ವರ ಬಂದ್ರೆ?"

"ನಿಂಗೆ ಫೋನ್ ಮಾಡ್ತೀನಿ. ಬರದಿದ್ರೆ ನೀನೇ ಮಾಡ್ತೀಯಲ್ಲ."

"ತಮಾಷೆ ಸಾಕು. ನಿಂಗೆ ನಿನ್ನ ಕನ್ನಡಕ ಎಲ್ಲಿದೆ ಅಂತಾನೇ ಗೊತ್ತಿರಲ್ಲ."

ಎಸ್ಪೆನ್ ಕಿಟಕಿಯಾಚೆ ನೋಡಿದ. ಕನ್ನಡಕ ಅವನ ತಲೆಯ ಮೇಲಿತ್ತು.

ಟ್ರೊಂಡ್‌ಹೈಮ್‌ನಲ್ಲಿ ನದಿಯ ಹತ್ತಿರದ ಒಂದು ಕೆಫೆಗೆ ಹೋದರು. ಹೊರಗಡೆ ಗೋಡೆಯುದ್ದಕ್ಕೂ ನಾಲ್ಕು ಮಕ್ಕಳ ಗಾಡಿಗಳು ನಿಂತಿದ್ದವು. ಗಾಡಿಗಳಲ್ಲಿ ಉಣ್ಣೆಯಲ್ಲಿ ಸುತ್ತಿಸಿಕೊಂಡು ಮಕ್ಕಳು ಮಲಗಿದ್ದವು, ಅಮ್ಮಂದಿರು ಕೆಫೆಯ ಒಳಗೆ ಕಾಫಿ ಕುಡಿಯುತ್ತಿದ್ದರು. ಚಳಿಗಾಳಿಯಲ್ಲಿ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ. ಇದೊಂದರ ಬಗ್ಗೆ ಮಾತ್ರ ತೂರ್ಡಿಸ್‌ಗೂ ಅನುಮಾನವಿರಲಿಲ್ಲ. ತಮ್ಮ ಬೂದು ಬಣ್ಣದ ಗಾಡಿಯನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಮುಸುಕು ಎಳೆದು, ಮಗುವಿನ ದನಿ ಕೇಳಿಸುವ ಪುಟ್ಟ ಯಂತ್ರವನ್ನು ಒಳಗೆ ಮೇಜಿನ ಮೇಲಿಟ್ಟುಕೊಂಡಳು.

ಏಲಕ್ಕಿ ಬನ್ನು ಅರ್ಧ ತಿಂದವಳಿಗೆ ಜ್ವರದ ಔಷಧಿ ನೆನಪಾಯಿತು. ಚೀಲದಲ್ಲಿ ಒಂದು ಶೀಷೆ ಇತ್ತು. ಅದು ಒಡೆದರೆ? ಎದ್ದು ಔಷಧಿ ಅಂಗಡಿಗೆ ಹೋದಳು. ಅಲ್ಲಿ ಸಾಲು ಉದ್ದ. ವಾಪಸ್ಸು ಬರುವಾಗ ರೈಲಿಗೆ ಇಪ್ಪತ್ತೇ ನಿಮಿಷ. ಎಸ್ಪೆನ್ ಇನ್ನೂ ಒಳಗೆ ಅಮ್ಮನಿಗೆ ಬನ್ನು ಕಟ್ಟಿಸುತ್ತ ನಿಂತಿದ್ದ. ಅವಳ ಪಿತ್ತ ನೆತ್ತಿಗೇರಿತು. ಸಾಲಿನ ಕೊನೆಯ ಬೂದು ಗಾಡಿಯ ಬ್ರೇಕು ಬಿಡಿಸಿ ಸ್ಟೇಷನ್ನಿನ ಕಡೆ ದಬದಬ ತಳ್ಳಿಕೊಂಡು ನಡೆದಳು. ಮಲಗಿದ ಮಗುವಿನ ಮುಸುಕನ್ನು ಯಾರೂ ಎತ್ತುವುದಿಲ್ಲ, ಎತ್ತಿದರೆ ಗಾಳಿ ನುಗ್ಗಿ ಎಚ್ಚರವಾಗುತ್ತದೆ. ಅವಳೂ ಎತ್ತಲಿಲ್ಲ.

ಸೇತುವೆಯ ಮೇಲೆ ಮಗು ಅತ್ತಿತು. ತೂರ್ಡಿಸ್ ಗಾಡಿ ನಿಲ್ಲಿಸಿದಳು. ಅದು ವೆಟ್ಲೆಯ ಅಳುವಲ್ಲ. ಮುಸುಕು ಎತ್ತಿದರೆ, ಕೆಂಪು ಟೊಪ್ಪಿಗೆಯ ಯಾವುದೋ ಕೂಸು.

ಅಷ್ಟರಲ್ಲಿ ಎಸ್ಪೆನ್ ಫೋನು. "ಎಲ್ಲಿದೀಯ? ವೆಟ್ಲೆ ಇಲ್ಲೇ ಇದಾನೆ, ಯಂತ್ರದಲ್ಲಿ ಕೆಮ್ಮಿದ್ದು ಕೇಳಿ ಹೊರಗೆ ಬಂದೆ. ಇನ್ನೊಬ್ರ ಮಗು ಕಾಣ್ತಿಲ್ಲ. ನೀನೇನಾದ್ರೂ..."

"ನಾನೇ," ಎಂದಳು. ಗಾಡಿ ತಿರುಗಿಸಿದಳು.

ವಾಪಸ್ಸು ಓಡಿದಳು. ಕೆಫೆಯ ಮುಂದೆ ಕೋಟು ಕೂಡ ಹಾಕಿಕೊಳ್ಳದೆ ಒಬ್ಬಳು ನಿಂತಿದ್ದಳು, ಮುಖ ಬಿಳಿಚಿಹೋಗಿತ್ತು. ಸುನ್ನಿವ ಎಂದು ಹೆಸರು. ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು. ಬೈಯಲೆಂದು ಬಾಯಿ ತೆರೆದವಳು ತೂರ್ಡಿಸ್‌ಳ ಮುಖ ನೋಡಿ ದನಿ ತಗ್ಗಿಸಿದಳು.

"ಮೊದ್ಲು ಉಸಿರು ತಗೊಳ್ರೀ. ನಾನು ಆಮೇಲೆ ಬಂದು ನಿಮ್ಮ ಗಾಡಿ ಪಕ್ಕ ನಿಲ್ಲಿಸ್ದೆ ನೋಡಿ. ನಮ್ಮದೂ ಬೂದು, ನಿಮ್ಮದೂ ಬೂದು. ಅರ್ಧ ಊರಿನ ಗಾಡಿ ಇದೇ. ನಿಮ್ಮೆಜಮಾನ್ರು ಬಿಡಿ, ನಾನು ಕಿರುಚೋಕ್ ಮುಂಚೆನೇ ನಿಮಗೆ ಫೋನ್ ಹಚ್ಚಿದ್ರು."

ರೈಲು ಹೋಗಿತ್ತು. ಇನ್ನೊಂದಕ್ಕೆ ಒಂದು ಗಂಟೆ. ಸ್ಟೇಷನ್ನಿನ ಬೆಂಚಿನ ಮೇಲೆ ಎಸ್ಪೆನ್ ವೆಟ್ಲೆಗೆ ಗಂಜಿ ತಿನ್ನಿಸುತ್ತಿದ್ದ. ಮೊದಲು ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿದ್ದ.

"ನೀನು ಹೀಗೆ ಮಾಡಿದ್ದಿದ್ರೆ ನಾನೇನ್ ಮಾಡ್ತಿದ್ದೆ ಗೊತ್ತಾ?" ಎಂದಳು ತೂರ್ಡಿಸ್.

"ಗೊತ್ತು. ಇವನು ಶಾಲೆಗೆ ಹೋಗೋವರೆಗೂ ನನ್ನನ್ನ ಹತ್ರ ಬಿಟ್ಕೋತಿರ್ಲಿಲ್ಲ."

"ನಿಮ್ಮಮ್ಮನಿಗೆ ಏನ್ ಹೇಳ್ತೀಯ?"

"ರೈಲು ತಪ್ತು ಅಂತೀನಿ. ಸುಳ್ಳೇನಲ್ವಲ್ಲ."

ತೂರ್ಡಿಸ್ ಸ್ವಲ್ಪ ಹೊತ್ತು ಅವನ ಕೈಯನ್ನೇ ನೋಡಿದಳು. ವೆಟ್ಲೆ ಗಂಜಿ ಉಗುಳಿದ. ಎಸ್ಪೆನ್ ಒರೆಸಿದ, ಅದೂ ತನ್ನ ಅಂಗಿಯ ತೋಳಿನಿಂದ. ಅವಳಿಗೆ ನಾಲಿಗೆ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಫೋನು ತೆಗೆದಳು.

"ಡಾಕ್ಟ್ರೇ, ಸೋಮವಾರ ಬರ್ತೀನಿ."

"ನಿಜವಾಗ್ಲೂ? ಮಗೂನ ಯಾರು ನೋಡ್ಕೋತಾರೆ?"

"ಅವರಪ್ಪ," ಎಂದಳು ತೂರ್ಡಿಸ್. "ಮೊದ್ಲನೇ ರೋಗಿ ಎಷ್ಟ್ ಹೊತ್ತಿಗೆ?"

"ಎಂಟೂಕಾಲಿಗೆ. ಬುದ್ಧಿಹಲ್ಲು ಕೀಳೋದಿದೆ. ಏಳೂವರೆಗೇ ಬಾ."